ಫ್ಲ್ಯಾಟ್‌ಗಳ ಸಾಮೂಹಿಕ ಖರ್ಚು: ಲಿಫ್ಟ್ ಹತ್ತದವರೂ ಪಾಲು ಕೊಡಬೇಕೇ?

ಹಿತ್ತಿಲು, ಬಾವಿ, ನಾಲ್ಕು ತೆಂಗಿನ ಮರಗಳಿದ್ದ ಮನೆಯನ್ನು ಬಿಟ್ಟು ಫ್ಲ್ಯಾಟಿಗೆ ಬಂದ ಕುಟುಂಬಗಳು ಮಂಗಳೂರು, ಉಡುಪಿಯಂತಹ ನಮ್ಮ ಕರಾವಳಿಯ ಪೇಟೆಗಳಲ್ಲಿ ಈಗ ಬಹಳಷ್ಟಿವೆ. ಹಂಚಿನ ಮನೆಯಲ್ಲಿ ಮಾಡು ಸೋರಿದರೆ ಅದನ್ನು ಸರಿಪಡಿಸುವ ತೀರ್ಮಾನ ಮನೆಯ ಯಜಮಾನರದ್ದು, ಖರ್ಚೂ ಅವರದ್ದೇ. ಫ್ಲ್ಯಾಟಿನಲ್ಲಿ ಹಾಗಲ್ಲ. ಬಾಗಿಲಿನ ಒಳಗಿನದ್ದು ಮಾತ್ರ ನಮ್ಮದು. ಮೆಟ್ಟಿಲು, ಲಿಫ್ಟ್, ನೀರಿನ ಟ್ಯಾಂಕು, ತಾರಸಿ, ಕಟ್ಟಡ ನಿಂತ ಜಾಗ, ಇವೆಲ್ಲ ಎಲ್ಲರಿಗೂ ಸೇರಿದ್ದು. ಎಲ್ಲರಿಗೂ ಸೇರಿದ್ದು ಎಂಬ ಮಾತು ಹಣ ಕೊಡುವ ಹೊತ್ತಿಗೆ ಬೇರೆಯೇ ಅರ್ಥ ಪಡೆಯುತ್ತದೆ ಎಂಬುದನ್ನು ಅಸೋಸಿಯೇಶನ್‌ಗಳಲ್ಲಿ ದುಡಿದವರು ಚೆನ್ನಾಗಿ ಬಲ್ಲರು.

ಕಟ್ಟಡ ಹೊಸತಿರುವಾಗ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಇಪ್ಪತ್ತೈದು, ಮೂವತ್ತು ವರ್ಷ ದಾಟಿದ ಕಟ್ಟಡಗಳಲ್ಲಿ ಈಗ ಅದು ಕಾಡುತ್ತಿದೆ. ಇಂತಹ ಕಟ್ಟಡಗಳಲ್ಲಿ ವಾಸವಿರುವವರಲ್ಲಿ ಹೆಚ್ಚಿನವರು ಹಿರಿಯರು. ಮಕ್ಕಳು ದುಬೈ, ಕುವೈಟ್, ಮಸ್ಕತ್, ಕೆನಡಾಗಳಲ್ಲಿ. ಕೆಲವು ಫ್ಲ್ಯಾಟ್‌ಗಳಿಗೆ ವರ್ಷದ ಹನ್ನೊಂದು ತಿಂಗಳು ಬೀಗ. ಇನ್ನು ಕೆಲವು ಬಾಡಿಗೆಗೆ. ಇದರ ನಡುವೆ ತಾರಸಿ ಸೋರತೊಡಗುತ್ತದೆ, ಲಿಫ್ಟ್ ಬದಲಾಯಿಸಬೇಕು ಎನ್ನುತ್ತದೆ ಕಂಪೆನಿ, ಕಂಬದ ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತದೆ. ಹದಿನೈದು ಲಕ್ಷ ಬೇಕು. ಬ್ಯಾಂಕಿನಲ್ಲಿ ಇರುವುದು ಒಂದೂವರೆ ಲಕ್ಷ. ಪಿಂಚಣಿಯಲ್ಲಿ ಬದುಕುವ ವಿಧವೆಯೊಬ್ಬರಿಗೆ ತಿಂಗಳೊಳಗೆ ಅರ್ಧ ಲಕ್ಷ ಕಟ್ಟಿ ಎಂದು ಚೀಟಿ ಬಂದರೆ ಅವರು ಏನು ಮಾಡಬೇಕು? ವಾಳ್ಯದ ಗುರಿಕಾರರು, ಧರ್ಮಗುರುಗಳು ಮನೆ ಭೇಟಿಗೆ ಹೋದಾಗ ಇಂತಹ ದೂರುಗಳನ್ನೂ ಕೇಳಬೇಕಾಗಿ ಬರುವುದರಿಂದ ಈ ವಿಷಯದ ಮೂಲ ಅಂಶಗಳನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು.

ಜಗಳಗಳನ್ನು ಹತ್ತಿರದಿಂದ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹೆಚ್ಚಿನವು ಹಣದ ಮೊತ್ತಕ್ಕಾಗಿ ಹುಟ್ಟಿದವಲ್ಲ. ಖರ್ಚನ್ನು ಯಾವ ಲೆಕ್ಕದಲ್ಲಿ ಹಂಚಬೇಕು ಎಂಬುದನ್ನು ಬಿಲ್ಲು ಬಂದ ನಂತರ ಚರ್ಚೆಗೆ ಎತ್ತಿಕೊಂಡದ್ದರಿಂದ ಹುಟ್ಟಿದವು. ಬಿಲ್ಲು ಕೈಯಲ್ಲಿರುವಾಗ ಪ್ರತಿಯೊಬ್ಬರಿಗೂ ತಮಗೆ ಕಡಿಮೆ ಬರುವ ಲೆಕ್ಕವೇ ನ್ಯಾಯವಾಗಿ ಕಾಣುತ್ತದೆ. ದೊಡ್ಡ ಫ್ಲ್ಯಾಟಿನವರು ಸಮಪಾಲು ಎನ್ನುತ್ತಾರೆ, ಸಣ್ಣ ಫ್ಲ್ಯಾಟಿನವರು ಚದರಡಿ ಎನ್ನುತ್ತಾರೆ, ನೆಲಮಾಳಿಗೆಯವರು ಲಿಫ್ಟ್ ನಮಗೇಕೆ ಎನ್ನುತ್ತಾರೆ.

ಕಾನೂನು ಏನು ಹೇಳುತ್ತದೆ?

ಕರ್ನಾಟಕದಲ್ಲಿ ಫ್ಲ್ಯಾಟ್ ಮಾಲಕತ್ವದ ಬಗ್ಗೆ 1972ರಲ್ಲಿ ಅಪಾರ್ಟ್‌ಮೆಂಟ್ ಮಾಲಕತ್ವ ಕಾಯ್ದೆ ಬಂತು, 1974ರಲ್ಲಿ ಅದರ ನಿಯಮಗಳು ಬಂದವು. ಇದರ ಬದಲಿಗೆ ಹೊಸ ಕಾಯ್ದೆ ತರುವ ಮಾತು ಸರಕಾರದ ಮಟ್ಟದಲ್ಲಿ ಹಲವು ಸಲ ಕೇಳಿಬಂದಿದೆ. ಆದರೆ ಹಳೆಯ ಕಟ್ಟಡಗಳ ಕಾಗದಪತ್ರಗಳು ಬರೆಯಲ್ಪಟ್ಟದ್ದು 1972ರ ಕಾಯ್ದೆಯ ಚೌಕಟ್ಟಿನಲ್ಲಿ. ಆದುದರಿಂದ ಅದರಲ್ಲಿ ಏನಿದೆ ಎಂಬುದನ್ನು ಮೊದಲು ನೋಡೋಣ.

ಈ ಕಾಯ್ದೆಗೆ ಒಂದು ಕಟ್ಟಡ ಒಳಪಡಬೇಕಾದರೆ ‘ಡೀಡ್ ಆಫ್ ಡಿಕ್ಲರೇಶನ್’ ಎಂಬ ಘೋಷಣಾ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಬೇಕು. ಜಾಗದ ವಿವರ, ಕಟ್ಟಡದ ವಿವರ, ಯಾವುದು ಸಾಮೂಹಿಕ, ಪ್ರತಿಯೊಂದು ಫ್ಲ್ಯಾಟಿಗೆ ಅದರಲ್ಲಿ ಶೇಕಡಾ ಎಷ್ಟು ಅವಿಭಜಿತ ಪಾಲು ಎಂಬುದೆಲ್ಲ ಅದರಲ್ಲಿರುತ್ತದೆ. ಈ ಶೇಕಡಾ ಪಾಲನ್ನು ಒಟ್ಟು ಆಸ್ತಿಯ ಬೆಲೆಯಲ್ಲಿ ಆ ಫ್ಲ್ಯಾಟಿನ ಬೆಲೆ ಎಷ್ಟು ಎಂಬ ಆಧಾರದಲ್ಲಿ ನಿಗದಿ ಮಾಡಬೇಕು. ಒಮ್ಮೆ ನಿಗದಿಯಾದದ್ದನ್ನು ಎಲ್ಲ ಮಾಲಕರ ಒಪ್ಪಿಗೆಯಿಲ್ಲದೆ ಬದಲಾಯಿಸುವಂತಿಲ್ಲ. ಸಾಮೂಹಿಕ ಖರ್ಚು ಈ ಶೇಕಡಾ ಪಾಲಿನಂತೆಯೇ ಹಂಚಿಕೆಯಾಗಬೇಕು. ಸಾಮೂಹಿಕ ಆದಾಯವೂ ಹಾಗೆಯೇ. ತಾರಸಿಯಲ್ಲಿ ಮೊಬೈಲ್ ಟವರ್ ಇದ್ದು ಬಾಡಿಗೆ ಬರುತ್ತಿದ್ದರೆ ಅದು ಮೇಲಿನ ಮಹಡಿಯವರದ್ದಲ್ಲ, ಬಿಲ್ಡರ್‌ನದ್ದೂ ಅಲ್ಲ, ಪಾಲಿನಂತೆ ಎಲ್ಲರದ್ದು.

ಇನ್ನೊಂದು ಮುಖ್ಯ ಮಾತು ಈ ಕಾಯ್ದೆಯಲ್ಲಿದೆ. ಸಾಮೂಹಿಕ ಸೌಲಭ್ಯವೊಂದನ್ನು ನಾನು ಉಪಯೋಗಿಸುವುದಿಲ್ಲ ಎಂದು ಹೇಳಿ, ಅಥವಾ ಫ್ಲ್ಯಾಟನ್ನು ಖಾಲಿ ಬಿಟ್ಟು ಹೋಗಿ, ಯಾವ ಮಾಲಕರೂ ಖರ್ಚಿನ ಪಾಲಿನಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಶೀರ್ಷಿಕೆಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ನೆಲಮಾಳಿಗೆಯವರೂ ಲಿಫ್ಟಿನ ಪಾಲು ಕೊಡಬೇಕು. ಬೀಗ ಹಾಕಿ ಕುವೈಟಿಗೆ ಹೋದವರೂ ವಾಚ್‌ಮ್ಯಾನ್ ಸಂಬಳದ ಪಾಲು ಕೊಡಬೇಕು. ಅವರ ಬೀಗವನ್ನು ಕಾಯುತ್ತಿರುವುದು ಆ ವಾಚ್‌ಮ್ಯಾನೇ ಅಲ್ಲವೇ?

ಆದರೆ ನಮ್ಮಲ್ಲಿ ಎಲ್ಲ ಕಟ್ಟಡಗಳಿಗೂ ಘೋಷಣಾ ಪತ್ರ ಇಲ್ಲ. ಕೆಲವು ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿವೆ. ಕ್ರೀಡಾ ಸಂಘ, ಸಾಹಿತ್ಯ ಸಂಘಗಳಿಗೆ ಸರಿಹೊಂದುವ ಈ ಕಾಯ್ದೆಯಲ್ಲಿ ಫ್ಲ್ಯಾಟಿನ ಪಾಲು, ಬಾಕಿ ವಸೂಲಿಗಳ ಬಗ್ಗೆ ವ್ಯವಸ್ಥೆಯಿಲ್ಲ. ಇನ್ನು ಕೆಲವು ಕಡೆ ಸಹಕಾರಿ ಸಂಘವಿದೆ. ಮತ್ತೆ ಕೆಲವು ಕಡೆ ನೋಂದಣಿಯೇ ಇಲ್ಲ, ಮೂವರು ಸೇರಿ ಬ್ಯಾಂಕಿನಲ್ಲಿ ತೆರೆದ ಖಾತೆಯೇ ಅಸೋಸಿಯೇಶನ್! ನಿಮ್ಮ ಕಟ್ಟಡದ್ದು ಇದರಲ್ಲಿ ಯಾವುದು ಎಂಬುದನ್ನು ತಿಳಿಯುವುದು ಮೊದಲ ಕೆಲಸ. ಘೋಷಣಾ ಪತ್ರದ ಪ್ರತಿ ಯಾರ ಕೈಯಲ್ಲೂ ಇಲ್ಲದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ಪಡೆಯಬಹುದು. ಅದು ಇಲ್ಲವೆಂದಾದರೆ ಕ್ರಯಪತ್ರದಲ್ಲಿ ನಿಮ್ಮ ಅವಿಭಜಿತ ಪಾಲು ಎಷ್ಟೆಂದು ಬರೆದಿರುವುದನ್ನು ನೋಡಿ.

ಯಾವ ಕಾಯ್ದೆ ಎಂಬುದು ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೆ ಮುಂಬಯಿಯ ಉದಾಹರಣೆ ಕೊಡಬಹುದು. ನಮ್ಮವರು ತಲೆತಲಾಂತರದಿಂದ ನೆಲೆಸಿದ ಅಲ್ಲಿನ ಹೆಚ್ಚಿನ ಕಟ್ಟಡಗಳು ಸಹಕಾರಿ ವಸತಿ ಸಂಘಗಳು. ಅಲ್ಲಿನ ಮಾದರಿ ಉಪವಿಧಿಗಳಲ್ಲಿ ವಾಚ್‌ಮ್ಯಾನ್, ಶುಚಿತ್ವ, ಸಾಮೂಹಿಕ ವಿದ್ಯುತ್ತು ಮುಂತಾದ ಸೇವಾ ವೆಚ್ಚ ಎಲ್ಲ ಸದಸ್ಯರಿಗೆ ಸಮಪಾಲು. ಮುಂಬಯಿಯಲ್ಲಿದ್ದು ಬಂದವರು ಇಲ್ಲಿ ಫ್ಲ್ಯಾಟ್ ಕೊಂಡಾಗ ಅದೇ ಕ್ರಮ ಸರಿ ಎಂದು ವಾದಿಸುವುದು ಸಹಜ. ಆದರೆ ಅದೇ ಮಹಾರಾಷ್ಟ್ರದಲ್ಲಿ ಅಪಾರ್ಟ್‌ಮೆಂಟ್ ಮಾಲಕತ್ವ ಕಾಯ್ದೆಯಡಿ ಬರುವ ಪುಣೆಯ ಒಂದು ವಸತಿ ಸಮುಚ್ಚಯದ ವಿವಾದದಲ್ಲಿ 2025ರಲ್ಲಿ ಬಾಂಬೆ ಹೈಕೋರ್ಟ್, ದೊಡ್ಡ ಫ್ಲ್ಯಾಟಿನವರು ತಮ್ಮ ಅವಿಭಜಿತ ಪಾಲಿಗೆ ತಕ್ಕಂತೆ ಹೆಚ್ಚು ಕೊಡಬೇಕು ಎಂದಿತು. ಸಹಕಾರಿ ಸಂಘದಲ್ಲಿ ಸದಸ್ಯ ಮುಖ್ಯ, ಒಬ್ಬರಿಗೆ ಒಂದು ಮತ. ಮಾಲಕತ್ವ ಕಾಯ್ದೆಯಲ್ಲಿ ಪಾಲು ಮುಖ್ಯ, ಮತವೂ ಪಾಲಿನಂತೆ. ಹೆಚ್ಚು ಕೊಡುವವರಿಗೆ ಮಾತೂ ಹೆಚ್ಚು ಎಂಬುದು ಕೆಲವರಿಗೆ ರುಚಿಸಲಾರದು. ಆದರೂ ಖರ್ಚಿಗೆ ಒಂದು ಕಾಯ್ದೆ, ಮತಕ್ಕೆ ಇನ್ನೊಂದು ಕಾಯ್ದೆ ಎಂದು ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳಲು ಆಗದು.

ಒಂದು ಲೆಕ್ಕ

ಮಾತಿಗಿಂತ ಅಂಕೆಯಲ್ಲಿ ಇದು ಬೇಗ ಅರ್ಥವಾಗುತ್ತದೆ. 24 ಫ್ಲ್ಯಾಟ್‌ಗಳ ಒಂದು ಕಟ್ಟಡವನ್ನು ಊಹಿಸಿಕೊಳ್ಳಿ. 16 ಫ್ಲ್ಯಾಟ್‌ಗಳು ತಲಾ 1,200 ಚದರಡಿ, 8 ಫ್ಲ್ಯಾಟ್‌ಗಳು ತಲಾ 800 ಚದರಡಿ. ಒಟ್ಟು 25,600 ಚದರಡಿ. ಇಬ್ಬರು ವಾಚ್‌ಮ್ಯಾನ್, ಗುಡಿಸುವವರು, ಲಿಫ್ಟಿನ ವಾರ್ಷಿಕ ಒಪ್ಪಂದ, ಮೆಸ್ಕಾಂ ಬಿಲ್ಲು, ಜನರೇಟರಿಗೆ ಡೀಸೆಲ್, ಪಂಪಿನ ರಿಪೇರಿ ಎಲ್ಲ ಸೇರಿ ತಿಂಗಳಿಗೆ 64,000 ರೂಪಾಯಿ ಎಂದಿಟ್ಟುಕೊಳ್ಳೋಣ. ಸಮಪಾಲು ಮಾಡಿದರೆ ಎಲ್ಲರಿಗೂ 2,667. ಚದರಡಿಗೆ ಹಂಚಿದರೆ ಅಡಿಗೆ ಎರಡೂವರೆ ರೂಪಾಯಿ. ದೊಡ್ಡವರಿಗೆ 3,000, ಸಣ್ಣವರಿಗೆ 2,000. ಅರ್ಧ ಸಮಪಾಲು ಅರ್ಧ ಚದರಡಿ ಎಂಬ ಮಧ್ಯದ ದಾರಿಯಲ್ಲಿ 2,833 ಮತ್ತು 2,333.

ಈ ಮೂರು ಲೆಕ್ಕಗಳಲ್ಲಿ ಒಂದು ಫ್ಲ್ಯಾಟಿಗೆ ಬರುವ ಅಂತರ ಹೆಚ್ಚೆಂದರೆ ತಿಂಗಳಿಗೆ 667 ರೂಪಾಯಿ. ಇದಕ್ಕಾಗಿ ನೆರೆಕರೆಯವರು ಲಿಫ್ಟಿನಲ್ಲಿ ಮುಖ ತಿರುಗಿಸಿ ನಿಲ್ಲುವಷ್ಟು ಮನಸ್ತಾಪ ಬೇಕೇ? ವಾಚ್‌ಮ್ಯಾನಿನ ಕೆಲಸ ದೊಡ್ಡ ಫ್ಲ್ಯಾಟಿಗೂ ಸಣ್ಣದಕ್ಕೂ ಒಂದೇ ಎಂಬ ವಾದದಲ್ಲಿ ಹುರುಳಿದೆ. ಬಣ್ಣ ಬಳಿಯುವ ಗೋಡೆ ದೊಡ್ಡ ಫ್ಲ್ಯಾಟಿಗೆ ಹೆಚ್ಚು ಎಂಬುದರಲ್ಲೂ ಹುರುಳಿದೆ. ಘೋಷಣಾ ಪತ್ರವಿದ್ದಲ್ಲಿ ಅದರಂತೆ ನಡೆಯಬೇಕು. ಇಲ್ಲದಿದ್ದಲ್ಲಿ ಯಾವುದಾದರೊಂದನ್ನು ಮಹಾಸಭೆಯಲ್ಲಿ ನಿರ್ಣಯಿಸಿ, ಬರೆದು, ಎಲ್ಲರ ಸಹಿ ಪಡೆದು, ಮತ್ತೆ ಪ್ರತಿ ವರ್ಷ ಅದನ್ನು ಕೆದಕದಿರುವುದು ಉತ್ತಮ.

ಖರ್ಚು ಕಡಿಮೆ ಮಾಡಬೇಕು ಎಂಬ ಮಾತು ಬಂದಾಗ ಎಲ್ಲರ ಕಣ್ಣು ಮೊದಲು ಬೀಳುವುದು ವಾಚ್‌ಮ್ಯಾನ್ ಮತ್ತು ಗುಡಿಸುವ ಹೆಂಗಸಿನ ಸಂಬಳದ ಮೇಲೆ ಎಂಬುದನ್ನೂ ಇಲ್ಲಿ ಹೇಳಬೇಕು. ಹಗಲಿಡೀ ಉರಿಯುವ ಮೆಟ್ಟಿಲಿನ ದೀಪಗಳ ಮೇಲೆ, ಟ್ಯಾಂಕು ತುಂಬಿ ಹರಿದರೂ ನಿಲ್ಲದ ಪಂಪಿನ ಮೇಲೆ ಬೀಳುವುದಿಲ್ಲ.

ಚಿಕ್ಕ ಖರ್ಚಿನ ಹಿಂದೆ ಅಡಗಿದ ದೊಡ್ಡ ಖರ್ಚು

ನಿಜವಾದ ತೊಂದರೆ ಇರುವುದು ಈ 64,000ದಲ್ಲಿ ಅಲ್ಲ. ಏಳೆಂಟು ವರ್ಷಕ್ಕೊಮ್ಮೆ ಬರುವ ಖರ್ಚಿನಲ್ಲಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸರಾಸರಿ 3,500 ಮಿ.ಮೀ.ಗೂ ಹೆಚ್ಚು ಮಳೆ, ಅದೂ ಬಹುಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೆ. ಉಳಿದ ತಿಂಗಳುಗಳಲ್ಲಿ ಕಡಲಿನ ಉಪ್ಪು ಗಾಳಿ. ಸಿಮೆಂಟಿನಲ್ಲಿ ಬಿಟ್ಟ ಸಣ್ಣ ಬಿರುಕಿನಿಂದ ನೀರು, ಉಪ್ಪು ಎರಡೂ ಒಳಗಿನ ಕಬ್ಬಿಣಕ್ಕೆ ತಾಗುತ್ತವೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ, ಒಡೆದಲ್ಲಿ ಇನ್ನಷ್ಟು ನೀರು. ಬೆಂಗಳೂರಿನ ಕಟ್ಟಡಕ್ಕೆ ಸಾಕಾಗುವ ನಿಭಾವಣೆ ಇಲ್ಲಿಗೆ ಸಾಕಾಗುವುದಿಲ್ಲ.

ಹಾಗಿರುವಾಗ ಬಣ್ಣ, ತಾರಸಿಯ ದುರಸ್ತಿ ಸೇರಿ ಏಳು ವರ್ಷಕ್ಕೊಮ್ಮೆ 15 ಲಕ್ಷ ಖರ್ಚು ಬರುತ್ತದೆ ಎಂದು ಮೇಲಿನ ಕಟ್ಟಡಕ್ಕೆ ಲೆಕ್ಕ ಹಾಕೋಣ. ಒಮ್ಮೆಲೇ ಎತ್ತಿದರೆ ದೊಡ್ಡ ಫ್ಲ್ಯಾಟಿಗೆ ಸುಮಾರು 70,300 ರೂಪಾಯಿ, ಸಣ್ಣದಕ್ಕೆ ಸುಮಾರು 46,900. ಅದನ್ನೇ 84 ತಿಂಗಳಿಗೆ ಹಂಚಿ ಮೊದಲೇ ಕೂಡಿಡುತ್ತಾ ಬಂದರೆ ದೊಡ್ಡದಕ್ಕೆ ತಿಂಗಳಿಗೆ ಸುಮಾರು 840, ಸಣ್ಣದಕ್ಕೆ 560. ಬ್ಯಾಂಕಿನ ಬಡ್ಡಿ ಬೇರೆ. ಇದನ್ನೇ ಸಿಂಕಿಂಗ್ ಫಂಡ್, ಕಾರ್ಪಸ್ ಫಂಡ್, ದುರಸ್ತಿ ನಿಧಿ ಎಂದು ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರೆ. ಹೆಸರು ಯಾವುದಾದರೂ ಇರಲಿ, ಅದು ಪ್ರತ್ಯೇಕ ಖಾತೆಯಲ್ಲಿ, ನಿರಖು ಠೇವಣಿಯಾಗಿ ಇರಬೇಕು. ದಿನನಿತ್ಯದ ಖಾತೆಯಲ್ಲೇ ಇದ್ದರೆ ಅದು ಕರಗುತ್ತದೆ. ಯಾರೂ ಕದಿಯಬೇಕಾಗಿಲ್ಲ, ತನ್ನಿಂದ ತಾನೇ ಕರಗುತ್ತದೆ. ಈ ತಿಂಗಳು ಡೀಸೆಲಿಗೆ, ಬರುವ ತಿಂಗಳು ಪಂಪಿಗೆ ಎಂದು ತೆಗೆದದ್ದು ಮರಳಿ ಬಂದ ಉದಾಹರಣೆ ಕಡಿಮೆ.

ಮೈಂಟೆನೆನ್ಸ್ ಹೆಚ್ಚಿಸದ ಸಮಿತಿಯೇ ಒಳ್ಳೆಯ ಸಮಿತಿ ಎಂಬ ಅಭಿಪ್ರಾಯ ಹಲವು ಕಟ್ಟಡಗಳಲ್ಲಿದೆ. ಹತ್ತು ವರ್ಷ ಅಡಿಗೆ ಒಂದೂವರೆ ರೂಪಾಯಿಯಲ್ಲೇ ನಡೆಸಿದೆವು ಎಂದು ಹೆಮ್ಮೆಪಡುವವರಿದ್ದಾರೆ. ಅವರು ನಡೆಸಿದ್ದು ನಿಜ. ಉಳಿದ ಖರ್ಚನ್ನು ಮುಂದಿನವರ ತಲೆಗೆ ಹಾಕಿದ್ದೂ ನಿಜ. ಹತ್ತು ವರ್ಷ ವಾಸವಿದ್ದು ಮಾರಿ ಹೋದವರು ಏನೂ ಕೊಡಲಿಲ್ಲ, ನಿನ್ನೆ ಕೊಂಡವರು ಎಲ್ಲ ಕೊಡಬೇಕು ಎಂದಾಗುತ್ತದೆ.

ತಾರಸಿ ಯಾರದ್ದು?

ಈ ಪ್ರಶ್ನೆಗೆ ಸ್ವಲ್ಪ ವಿವರವಾದ ಉತ್ತರ ಬೇಕು, ಏಕೆಂದರೆ ಮಳೆಗಾಲದ ಹೆಚ್ಚಿನ ತಕರಾರು ಇಲ್ಲಿಂದಲೇ. ಸೋರುವುದು ಕೊನೆಯ ಮಹಡಿಯವರ ಮಲಗುವ ಕೋಣೆಗೆ. ಕೆಳಗಿನ ನಾಲ್ಕು ಮಹಡಿಯವರಿಗೆ ಏನೂ ಗೊತ್ತಾಗುವುದಿಲ್ಲ. ಮೇಲಿನವರು ಮಾಡಿಸಿಕೊಳ್ಳಲಿ ಎನ್ನುತ್ತಾರೆ. ಆದರೆ ತಾರಸಿ ಇಡೀ ಕಟ್ಟಡದ ಮಾಡು, ಕೊನೆಯ ಮಹಡಿಯವರ ಸ್ವಂತ ಮಾಡಲ್ಲ; ಅಲ್ಲಿಂದ ಇಳಿದ ನೀರು ತೊಲೆ, ಕಂಬಗಳ ಕಬ್ಬಿಣಕ್ಕೆ ಹೋಗುತ್ತದೆ. ಹಾಗೆಯೇ ಕೆಳಗೆ ಒಳಚರಂಡಿ ಕಟ್ಟಿ ಹಿಂದಕ್ಕೆ ಉಕ್ಕಿದರೆ ಅದರ ನಾತ ನೆಲಮಾಳಿಗೆಯವರಿಗೆ ಮಾತ್ರ, ಆದರೆ ಉಕ್ಕಿದ್ದು ಎಲ್ಲರ ಮನೆಯ ನೀರು. ಲಿಫ್ಟಿನ ಪಾಲು ಕೇಳಿದಾಗ ಸಿಟ್ಟಾಗುವ ನೆಲಮಾಳಿಗೆಯವರೂ, ಚರಂಡಿಯ ಪಾಲು ಕೇಳಿದಾಗ ಹುಬ್ಬೇರಿಸುವ ಐದನೆಯ ಮಹಡಿಯವರೂ ಇದನ್ನು ಜತೆಯಲ್ಲಿಟ್ಟು ನೋಡಿದರೆ ಅರ್ಧ ವಾದ ಮುಗಿಯುತ್ತದೆ.

ಎಲ್ಲ ಸೋರಿಕೆಯೂ ಅಸೋಸಿಯೇಶನ್‌ಗೆ ಸೇರಿದ್ದಲ್ಲ ಎಂಬುದೂ ತಿಳಿದಿರಲಿ. ಮೇಲಿನ ಮನೆಯ ಬಚ್ಚಲಿನಿಂದ ಕೆಳಗಿನ ಮನೆಯ ಮಾಡಿಗೆ ನೀರು ಇಳಿಯುತ್ತಿದ್ದರೆ ಅದು ಆ ಮನೆಯೊಳಗಿನ ಪೈಪು ಅಥವಾ ಟೈಲ್ಸಿನ ದೋಷ, ಸಾಮಾನ್ಯವಾಗಿ ಅದರ ಮಾಲಕರ ಖರ್ಚು. ಬೇಸಿಗೆಯಲ್ಲೂ ಒದ್ದೆಯಿದ್ದರೆ ಪೈಪಿನದ್ದು, ಮಳೆಗಾಲದಲ್ಲಿ ಮಾತ್ರ ಇದ್ದರೆ ಹೊರಗಿನದ್ದು ಎಂಬುದು ಸುಲಭದ ಗುರುತು. ಸಮಿತಿ ಇಲ್ಲಿ ಮಾಡಬಹುದಾದದ್ದು ಇಬ್ಬರನ್ನೂ ಕೂರಿಸಿ, ತಿಳಿದ ಪ್ಲಂಬರನ್ನು ಕರೆಸಿ, ಯಾವ ಕಡೆಯಿಂದ ಎಂದು ಬರೆದು ಕೊಡಿಸುವುದು.

ತಾರಸಿಗೆ ರಾಸಾಯನಿಕ ಬಳಿಯುವುದೇ, ಶೀಟಿನ ಮಾಡು ಹಾಕುವುದೇ ಎಂಬುದು ನಮ್ಮ ಕಡೆಯ ನಿತ್ಯದ ಚರ್ಚೆ. ಶೀಟು ಹಾಕಿದರೆ ಮಳೆಗೆ ಬಟ್ಟೆ ಒಣಗಿಸಲೂ ಆಗುತ್ತದೆ ಎಂದು ಮನೆಯ ಹೆಂಗಸರ ಮತ ಹೆಚ್ಚಾಗಿ ಅದರ ಕಡೆಗೇ. ಆದರೆ ಶೀಟಿನ ಮಾಡಿಗೆ ಸ್ಥಳೀಯ ಸಂಸ್ಥೆಯ ಅನುಮತಿಯ ಬಗ್ಗೆ ಮೊದಲೇ ವಿಚಾರಿಸಿ, ಇಂಜಿನಿಯರರಿಂದ ಗಾಳಿಯ ಒತ್ತಡದ ಲೆಕ್ಕ ಮಾಡಿಸಬೇಕು. ಹಾಗೆಯೇ ಆ ಮಾಡಿನ ಅಡಿಯಲ್ಲಿ ಯಾರೂ ಕೋಣೆ ಕಟ್ಟಿಕೊಳ್ಳುವಂತಿಲ್ಲ ಎಂದು ಮೊದಲೇ ಬರೆದಿಡಬೇಕು. 1972ರ ಕಾಯ್ದೆಯಂತೆ ಕಟ್ಟಡಕ್ಕೆ ಮಹತ್ವದ ನಿರ್ಮಾಣವನ್ನು ಸೇರಿಸಲು ಉಳಿದ ಎಲ್ಲ ಮಾಲಕರ ಸರ್ವಾನುಮತದ ಒಪ್ಪಿಗೆ ಬೇಕು. ಬಹುಮತ ಸಾಲದು.

ಕೆಲಸ ಮಾಡಬಹುದಾದ ಕಾಲವೂ ನಮ್ಮಲ್ಲಿ ಸೀಮಿತ. ಗೋಡೆ ಒಣಗಲು ಮಳೆ ಬಿಟ್ಟು ಎರಡು ತಿಂಗಳು ಬೇಕು. ಡಿಸೆಂಬರಿನಿಂದ ಮೇ ನಡುವೆ ಕೆಲಸ ಮುಗಿಯಬೇಕು. ಮೇ ತಿಂಗಳಿನಲ್ಲಿ ಸಭೆ ಕರೆದರೆ ದರಪಟ್ಟಿ ತರುವಷ್ಟರಲ್ಲಿ ಮಳೆ ಹಿಡಿಯುತ್ತದೆ. ನಿರ್ಣಯ ಅಕ್ಟೋಬರಿನೊಳಗೆ ಆಗಿರಬೇಕು.

ನೀರಿನ ಟ್ಯಾಂಕರ್

2016, 2019 ಮತ್ತು 2023ರ ಬೇಸಿಗೆಗಳಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ಇಳಿದು ಮಂಗಳೂರಿನಲ್ಲಿ ರೇಷನಿಂಗ್ ನಡೆದದ್ದು ನೆನಪಿರಬಹುದು. ಆಗ ಟ್ಯಾಂಕರ್ ಖರ್ಚಿನ ಹಂಚಿಕೆ ಹಲವೆಡೆ ಬಿಸಿ ವಿಷಯವಾಯಿತು. ಬೀಗ ಹಾಕಿದ ಮನೆಯವರು ನಾವು ಹನಿ ನೀರೂ ಬಳಸಿಲ್ಲ ಎಂದರು. ಇಲ್ಲಿ ಅವರ ಮಾತಿನಲ್ಲಿ ನ್ಯಾಯವಿದೆ ಎಂದೇ ಅನ್ನಿಸುತ್ತದೆ. ಲಿಫ್ಟ್, ವಾಚ್‌ಮ್ಯಾನ್ ಇರುವುದು ಕಟ್ಟಡಕ್ಕಾಗಿ. ಟ್ಯಾಂಕರಿನ ನೀರು ಹೋಗುವುದು ಬಳಸುವವರಿಗೆ. ಪ್ರತಿ ಫ್ಲ್ಯಾಟಿಗೆ ನೀರಿನ ಮೀಟರ್ ಇರುವಲ್ಲಿ ಇದು ಸುಲಭ. ಇಲ್ಲದಲ್ಲಿ ವಾಸವಿರುವ ಮನೆಗಳಿಗೆ ಮಾತ್ರ ಟ್ಯಾಂಕರ್ ಖರ್ಚು ಎಂದು ಮಹಾಸಭೆಯಲ್ಲಿ ನಿರ್ಣಯ ಮಾಡಿಟ್ಟುಕೊಳ್ಳಬಹುದು. ನಿಮ್ಮ ಉಪವಿಧಿಯಲ್ಲಿ ಬೇರೆ ಮಾತಿದ್ದರೆ ಅದನ್ನು ತಿದ್ದುಪಡಿ ಮಾಡಿಯೇ ಮುಂದುವರಿಯಬೇಕು. ಹಳೆಯ ಬಾವಿಯನ್ನು ಮುಚ್ಚದೆ ಉಳಿಸಿಕೊಂಡ ಕಟ್ಟಡಗಳವರಿಗೆ ಈ ಚರ್ಚೆಯೇ ಬರಲಿಲ್ಲ. ಬಾವಿಯ ಮೇಲೆ ಪಾರ್ಕಿಂಗ್ ಮಾಡಿದವರಿಗೆ ಬಂತು.

ಸಭೆ, ಮತ, ವಾಟ್ಸಾಪ್

ಮಹಾಸಭೆಗೆ ಹತ್ತು ಮಂದಿ ಬಂದರೆ ಹೆಚ್ಚು. ಆದರೆ ನಿರ್ಣಯವಾದ ಮರುದಿನ ಮೂವತ್ತು ಮಂದಿ ಪ್ರಶ್ನಿಸುತ್ತಾರೆ. ಇದಕ್ಕೆ ಕಾರಣ ಕೇವಲ ಜನರ ಉದಾಸೀನವಲ್ಲ. ಲಿಫ್ಟಿನ ಪಕ್ಕ ಅಂಟಿಸಿದ ಚೀಟಿಯಲ್ಲಿ ‘ಇತರ ವಿಷಯಗಳು’ ಎಂದು ಮಾತ್ರ ಬರೆದು, ಸಭೆಯಲ್ಲಿ ಹದಿನೈದು ಲಕ್ಷದ ಕೆಲಸ ಒಪ್ಪಿಸಿಕೊಂಡರೆ ಬಾರದವರು ಸಿಟ್ಟಾಗುವುದು ಸರಿಯೇ. ಕೆಲಸ ಏನು, ಅಂದಾಜು ಎಷ್ಟು, ಯಾರ ದರಪಟ್ಟಿ, ಪ್ರತಿ ಫ್ಲ್ಯಾಟಿಗೆ ಎಷ್ಟು ಬರುತ್ತದೆ ಎಂಬುದನ್ನು ಉಪವಿಧಿ ಹೇಳಿದಷ್ಟು ದಿನ ಮುಂಚಿತವಾಗಿ ಎಲ್ಲ ಮಾಲಕರಿಗೆ ತಲಪಿಸಬೇಕು. ಬಾಡಿಗೆದಾರರ ಕೈಗೆ ಕೊಟ್ಟರೆ ಮಾಲಕರಿಗೆ ತಲಪಿತು ಎಂದು ಭಾವಿಸಬಾರದು.

ವಿದೇಶದಲ್ಲಿರುವವರಿಗೆ ಪತ್ರ ಮತ್ತು ಇಮೇಲ್ ಎರಡನ್ನೂ ಕಳುಹಿಸಿ. ಅವರ ಪರವಾಗಿ ಯಾರು ಮತ ಹಾಕಬಹುದು ಎಂಬುದನ್ನು ಉಪವಿಧಿಯಲ್ಲಿ ನೋಡಿ, ಲಿಖಿತ ಅಧಿಕಾರ ಪತ್ರ ತರಿಸಿಕೊಳ್ಳಿ. ಮಗ ಕತಾರ್‌ನಲ್ಲಿ, ಫ್ಲ್ಯಾಟು ಅವನ ಹೆಸರಿನಲ್ಲಿ, ಸಭೆಗೆ ಬರುವುದು ತಂದೆ: ನಮ್ಮಲ್ಲಿ ಇದು ಸಾಮಾನ್ಯ. ಸಣ್ಣ ವಿಷಯಗಳಿಗೆ ಯಾರೂ ಆಕ್ಷೇಪಿಸುವುದಿಲ್ಲ. ದೊಡ್ಡ ಖರ್ಚಿಗೆ ಮಾತ್ರ ಒಂದು ದಿನ ‘ನಾನು ಒಪ್ಪಿಲ್ಲ’ ಎಂದು ಮಗನ ಇಮೇಲ್ ಬರುತ್ತದೆ. ತಂದೆಯ ಹೆಸರಿಗೆ ಅಧಿಕಾರ ಪತ್ರವಿದ್ದರೆ ಈ ಮುಜುಗರ ಇಬ್ಬರಿಗೂ ತಪ್ಪುತ್ತದೆ.

ವಾಟ್ಸಾಪ್ ಗುಂಪು ನೋಟಿಸ್ ಕೊಡಲು ಒಳ್ಳೆಯದು. ತೀರ್ಮಾನಕ್ಕೆ ಅಲ್ಲ. ಹೆಬ್ಬೆರಳಿನ ಚಿತ್ರ ಒತ್ತಿದವರು ಮಾಲಕರೋ ಬಾಡಿಗೆದಾರರೋ ತಿಳಿಯದು, ಒತ್ತದವರು ಒಪ್ಪಿದರೋ ಇಲ್ಲವೋ ತಿಳಿಯದು. ರಾತ್ರಿ ಹನ್ನೊಂದಕ್ಕೆ ಒಬ್ಬರು ಕೋಶಾಧಿಕಾರಿಯವರ ಲೆಕ್ಕದ ಬಗ್ಗೆ ಒಂದು ಸಾಲು ಬರೆದರೆ ಬೆಳಿಗ್ಗೆಯೊಳಗೆ ಅವರು ರಾಜೀನಾಮೆ ಕೊಟ್ಟಿರುತ್ತಾರೆ. ಸಂಬಳವಿಲ್ಲದೆ ದುಡಿಯುವ ನಿವೃತ್ತರೊಬ್ಬರನ್ನು ಹೀಗೆ ಕಳೆದುಕೊಂಡ ಕಟ್ಟಡಕ್ಕೆ ಮತ್ತೊಬ್ಬರು ಸಿಗುವುದು ಕಷ್ಟ. ಲೆಕ್ಕದ ಪ್ರಶ್ನೆಗೆ ಲೆಕ್ಕದ ಪುಸ್ತಕವೇ ಉತ್ತರ. ಚರ್ಚ್ ಪಾಲನಾ ಮಂಡಳಿಯಲ್ಲಿ ಕಾರ್ಯದರ್ಶಿಯಾಗಿ ದುಡಿದವರಿಗೆ ನಡಾವಳಿ ಪುಸ್ತಕ, ರಶೀದಿ, ವೋಚರ್, ವಾರ್ಷಿಕ ಲೆಕ್ಕಪರಿಶೋಧನೆ ಇವೆಲ್ಲ ಹೊಸತೇನಲ್ಲ. ಅದೇ ಶಿಸ್ತು ಇಲ್ಲಿಗೂ ಸಾಕು. ಚೆಕ್ಕಿಗೆ ಇಬ್ಬರ ಸಹಿ, ತಿಂಗಳ ಜಮಾಖರ್ಚು ನೋಟಿಸ್ ಬೋರ್ಡಿನಲ್ಲಿ, ಇಂತಿಷ್ಟು ಮೊತ್ತದವರೆಗೆ ಸಮಿತಿಯೇ ಖರ್ಚು ಮಾಡಬಹುದು, ಅದಕ್ಕೆ ಮೀರಿದರೆ ಮೂರು ದರಪಟ್ಟಿ ಮತ್ತು ಮಹಾಸಭೆ. ಒಬ್ಬರು ಸದಸ್ಯರ ಸಂಬಂಧಿಕರೇ ಗುತ್ತಿಗೆದಾರರಾಗಿದ್ದರೆ ಅದನ್ನು ದರಪಟ್ಟಿ ತೆರೆಯುವ ಮೊದಲೇ ಹೇಳಬೇಕು.

ಬಾಕಿ ಇಟ್ಟವರು

ಬಾಕಿ ಇಟ್ಟವರ ನೀರು ಕಡಿಯಿರಿ, ಹೆಸರು ಬೋರ್ಡಿಗೆ ಹಾಕಿ ಎಂದು ಸಭೆಯಲ್ಲಿ ಕೂಗುವವರು ಇದ್ದೇ ಇರುತ್ತಾರೆ. ಎರಡೂ ಬೇಡ. ನೀರು ಕಡಿದರೆ ಬಾಧೆಪಡುವುದು ಆ ಮನೆಯ ಮಕ್ಕಳು, ಹಾಸಿಗೆ ಹಿಡಿದ ಹಿರಿಯರು. ನ್ಯಾಯಾಲಯದ ಮುಂದೆ ಅಪರಾಧಿ ಸ್ಥಾನದಲ್ಲಿ ನಿಲ್ಲಬೇಕಾಗುವುದು ಸಮಿತಿ. ಕಾಯ್ದೆಯಲ್ಲಿ ಬೇರೆ ದಾರಿಯಿದೆ. 1972ರ ಕಾಯ್ದೆಯಂತೆ ಕಟ್ಟದೆ ಉಳಿದ ಸಾಮೂಹಿಕ ಖರ್ಚು ಆ ಫ್ಲ್ಯಾಟಿನ ಮೇಲೆಯೇ ಹೊರೆಯಾಗಿ ನಿಲ್ಲುತ್ತದೆ, ಮಾರುವಾಗ ಮಾರುವವರು ಮತ್ತು ಕೊಳ್ಳುವವರು ಇಬ್ಬರೂ ಅದಕ್ಕೆ ಹೊಣೆ. ಆದುದರಿಂದ ಹಳೆಯ ಫ್ಲ್ಯಾಟ್ ಕೊಳ್ಳುವವರು ಅಸೋಸಿಯೇಶನ್‌ನಿಂದ ಬಾಕಿ ಇಲ್ಲವೆಂಬ ಪತ್ರ ಪಡೆಯದೆ ಮುಂಗಡ ಕೊಡಬಾರದು.

ಕೊಡಲಾರದವರು ಬೇರೆ, ಕೊಡದವರು ಬೇರೆ. ಎರಡು ಕಾರು ಇಟ್ಟುಕೊಂಡು ಬಾಕಿ ಇಡುವವರಿಗೆ ನೋಟಿಸ್, ಬಡ್ಡಿ, ಬೇಕಾದರೆ ವಕೀಲರು. ಆದರೆ ಪಿಂಚಣಿಯಲ್ಲಿ ಬದುಕುವ ಆ ವಿಧವೆಗೆ 46,900 ರೂಪಾಯಿಯನ್ನು ಇಪ್ಪತ್ತನಾಲ್ಕು ಕಂತು ಮಾಡಿಕೊಟ್ಟರೆ ತಿಂಗಳಿಗೆ ಎರಡು ಸಾವಿರದೊಳಗೆ ಬರುತ್ತದೆ. ಇಂತಹ ವಿನಾಯಿತಿಗೆ ಉಪವಿಧಿಯಲ್ಲೇ ಅವಕಾಶ ಮಾಡಿಟ್ಟು, ಅರ್ಜಿಯನ್ನು ಅಧ್ಯಕ್ಷ, ಕೋಶಾಧಿಕಾರಿ ಇಬ್ಬರೇ ನೋಡುವಂತೆ ಮಾಡಿದರೆ ಯಾರೂ ಸಭೆಯಲ್ಲಿ ಎದ್ದು ನಿಂತು ತಮ್ಮ ಬಡತನ ಹೇಳಿಕೊಳ್ಳಬೇಕಾಗಿಲ್ಲ.

ತೆರಿಗೆ ಮತ್ತು ಹೊಸ ಕಟ್ಟಡಗಳು

ಜಿ.ಎಸ್.ಟಿ. ಬಗ್ಗೆ ಹಲವರು ವಿಚಾರಿಸುತ್ತಾರೆ. 2018ರ ಜನವರಿಯಿಂದ ಸದಸ್ಯರೊಬ್ಬರ ಮಾಸಿಕ ವಂತಿಗೆ 7,500 ರೂಪಾಯಿವರೆಗೆ ಇದ್ದರೆ ಅದಕ್ಕೆ ತೆರಿಗೆಯಿಲ್ಲ. ಸಂಘದ ವಾರ್ಷಿಕ ವಹಿವಾಟು 20 ಲಕ್ಷದೊಳಗೆ ಇದ್ದರೂ ನೋಂದಣಿ ಬೇಕಿಲ್ಲ. ನಮ್ಮ ಉದಾಹರಣೆಯ ಕಟ್ಟಡದ ವಾರ್ಷಿಕ ವಂತಿಗೆ 7,68,000 ಮಾತ್ರ.

ಹೊಸ ಕಟ್ಟಡಗಳಲ್ಲಿ ಫ್ಲ್ಯಾಟ್ ಕೊಂಡವರಿಗೆ 2016ರ ರೇರಾ ಕಾಯ್ದೆ ಕೆಲವು ಹಕ್ಕು ಕೊಟ್ಟಿದೆ. ಹೆಚ್ಚಿನ ಫ್ಲ್ಯಾಟ್‌ಗಳು ಬುಕ್ ಆದ ಮೂರು ತಿಂಗಳೊಳಗೆ ಮಾಲಕರ ಸಂಘ ರಚನೆಯಾಗಲು ಬಿಲ್ಡರ್ ಅನುವು ಮಾಡಿಕೊಡಬೇಕು. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡರೆ ಉಚಿತವಾಗಿ ಸರಿಪಡಿಸಿ ಕೊಡಬೇಕು. ಮೊದಲ ಮಳೆಗಾಲದಲ್ಲೇ ತಾರಸಿ ಸೋರಿದರೆ ಸದಸ್ಯರಿಂದ ಹಣ ಎತ್ತುವ ಮೊದಲು ಬಿಲ್ಡರ್‌ಗೆ ಲಿಖಿತ ದೂರು ಕೊಡಿ, ಫೋಟೊ ತೆಗೆದಿಡಿ, ತಲಪಿದ್ದಕ್ಕೆ ಸಹಿ ಪಡೆಯಿರಿ. ಕೊಳ್ಳುವಾಗ ಕಾರ್ಪಸ್ ಎಂದು ಪ್ರತಿಯೊಬ್ಬರಿಂದ ಪಡೆದ ಹಣದ ಲೆಕ್ಕವನ್ನು ಸಂಘಕ್ಕೆ ಹಸ್ತಾಂತರಿಸುವಾಗಲೇ ಕೇಳಿ ಪಡೆಯಬೇಕು. ಮಾರಾಟವಾಗದೆ ಉಳಿದ ಫ್ಲ್ಯಾಟ್‌ಗಳ ಮಾಸಿಕ ಪಾಲನ್ನೂ ಕೇಳಬೇಕು, ಏಕೆಂದರೆ ಅವುಗಳ ಮಾಲಕರು ಅವರೇ.

ಹಸ್ತಾಂತರದ ದಿನ ಪಡೆಯಬೇಕಾದ ಕಾಗದಗಳಲ್ಲಿ ಅನುಮೋದಿತ ನಕ್ಷೆ, ಪ್ರವೇಶ ಪತ್ರ, ಲಿಫ್ಟಿನ ಪರವಾನಿಗೆ, ನೀರು ಮತ್ತು ಒಳಚರಂಡಿ ಪೈಪುಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂಬ ನಕ್ಷೆ, ಪಂಪು ಹಾಗೂ ಜನರೇಟರಿನ ಗ್ಯಾರಂಟಿ ಚೀಟಿ ಮುಖ್ಯ. ಪೈಪಿನ ನಕ್ಷೆಯನ್ನು ಕೇಳಲು ಎಲ್ಲರೂ ಮರೆಯುತ್ತಾರೆ, ಮತ್ತೆ ಹದಿನೈದು ವರ್ಷದ ನಂತರ ಸೋರಿಕೆ ಹುಡುಕಲು ನಾಲ್ಕು ಕಡೆ ನೆಲ ಒಡೆಯಬೇಕಾಗುತ್ತದೆ. ಒಂದು ಪ್ರತಿ ಸಂಘದ ಕಪಾಟಿನಲ್ಲಿ, ಇನ್ನೊಂದು ಕಾರ್ಯದರ್ಶಿಯವರ ಮನೆಯಲ್ಲಿ ಇರಲಿ. ಕಾರ್ಯದರ್ಶಿ ಬದಲಾದಾಗ ಪಟ್ಟಿ ಮಾಡಿ, ಇಬ್ಬರೂ ಸಹಿ ಹಾಕಿ, ಹೊಸಬರ ಕೈಗೆ ಒಪ್ಪಿಸಬೇಕು.